ಕಣ್ಣು ಬಿಡದ ಕಲ್ಲು

ಆಗ ನನಗೆ ಅರವತ್ತೆಂಟು. ಅದಾಗಿ ಮೂರು ವರ್ಷವಾಯಿತು. ಇಂಗ್ಲೆಂಡಿನ ಆ ಊರಿನಲ್ಲಿ ಕಾರಿನಿಂದ ಇಳಿದವಳೇ ಮೊಮ್ಮಗಳು ಭವ್ಯಳನ್ನು ಮೊದಲು ಕೇಳಿದ್ದು, ಇಲ್ಲಿ ಯಾರು ಸತ್ತಿದ್ದಾರೆ ಎಂದು. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಎಲ್ಲ ಬಾಗಿಲೂ ಮುಚ್ಚಿವೆ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಶಿವಾರಪಟ್ಟಣದಲ್ಲಿ ನಮ್ಮದು ವಿಗ್ರಹ ಕೆತ್ತುವವರ ಬೀದಿ. ಬೆಳಗಾದರೆ ಉಳಿಯ ಸದ್ದು ಶುರು. ಹಗಲಲ್ಲಿ ಅದು ನಿಲ್ಲುವುದು ಹೆಣ ಎತ್ತುವಾಗ ಮಾತ್ರ.

"ಯಾರೂ ಸತ್ತಿಲ್ಲ ಅಜ್ಜಿ, ಇಲ್ಲಿ ದಿನಾ ಹಿಂಗೇ" ಎಂದಳು ಭವ್ಯ. ನನಗೆ ನಂಬಿಕೆ ಬರಲಿಲ್ಲ.

ಅವಳು ಅಲ್ಲಿಯ ಯೂನಿವರ್ಸಿಟಿಯಲ್ಲಿ ಚರಿತ್ರೆ ಓದುತ್ತಿದ್ದಳು, ಪಿಎಚ್‌ಡಿಗೆ. ಗಂಡನಿಗೆ ಬೇರೆ ಊರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಎಂಟು ತಿಂಗಳ ಹೆಣ್ಣುಮಗು. ನನ್ನ ಸೊಸೆಗೆ, ಅಂದರೆ ಭವ್ಯಳ ಅಮ್ಮನಿಗೆ, ಮಾಲೂರಿನ ಅಂಗನವಾಡಿ ಬಿಟ್ಟು ಹೋಗಲಾಗದು ಎಂದು ಆರು ತಿಂಗಳಿಗೆ ನನ್ನನ್ನು ಕಳಿಸಿದರು. ಮೂರನೆಯ ಕ್ಲಾಸಿನವರೆಗೆ ಓದಿದವಳು ನಾನು. ಅಕ್ಷರ ಕೂಡಿಸಿ ಓದುತ್ತೇನೆ, ಹಾಗೆಯೇ ಬರೆಯುತ್ತೇನೆ. ನಮ್ಮ ಚರಿತ್ರೆ ಓದಲು ಅಷ್ಟು ದೂರ ಹೋಗಬೇಕೇ ಎನ್ನುವುದು ನನ್ನ ಮೊದಲ ಅನುಮಾನ. ನಮ್ಮ ಕಡೆಯ ಹಳೆಯ ಕಾಗದಗಳು ಅಲ್ಲಿವೆಯಂತೆ. ಆರ್ಕೈವ್ ಅನ್ನುತ್ತಾರೆ, ಕಾಗದದ ಉಗ್ರಾಣ. ನಮ್ಮ ಕಾಗದ ಅವರ ಉಗ್ರಾಣಕ್ಕೆ ಹೇಗೆ ಹೋಯಿತು ಎಂದು ಕೇಳಿದರೆ, ಅದನ್ನೇ ಓದುತ್ತಿರುವುದು ಎಂದಳು.

ಅಲ್ಲಿ ಯಾವುದನ್ನೂ ನಾನು ಸುಲಭಕ್ಕೆ ನಂಬಲಿಲ್ಲ. ನಲ್ಲಿಯಲ್ಲಿ ನೀರು ನಿಲ್ಲುವುದೇ ಇಲ್ಲ ಎಂದರೂ ಬಕೆಟ್ಟು ತರಿಸಿ ತುಂಬಿ ಇಟ್ಟೆ. ಪಕ್ಕದ ಮನೆಯ ಮುದುಕಿ ಎದುರಾದಾಗಲೆಲ್ಲ ಸಾರಿ ಎನ್ನುತ್ತಿದ್ದಳು. ನಾನು ಅವಳ ಕಾಲು ತುಳಿದಾಗಲೂ ಅವಳೇ ಸಾರಿ ಅಂದಳು. ತಪ್ಪು ಮಾಡದವಳು ಇಷ್ಟು ಕ್ಷಮೆ ಕೇಳುತ್ತಾಳೆಂದರೆ ಹಿಂದೆ ಏನೋ ಮಾಡಿರಬೇಕು ಎಂದುಕೊಂಡೆ. ಮಗುವಿಗೆ ಓಟ್ಸ್ ಗಂಜಿ ಕೊಡುತ್ತಿದ್ದರು, ಗೋಡೆಗೆ ಪೋಸ್ಟರ್ ಅಂಟಿಸಬಹುದಾದಂಥದ್ದು. ನಾನು ಒಯ್ದ ರಾಗಿ ಹಿಟ್ಟು ಮುಗಿದಾಗ ಒಬ್ಬಳೇ ಬಸ್ಸು ಹತ್ತಿ ಗುಜರಾತಿಯವರ ಅಂಗಡಿಯಿಂದ ತಂದೆ. ಮಾತು ಬೇಕಾಗಲಿಲ್ಲ, ಖಾಲಿ ಚೀಲ ಝಾಡಿಸಿ ತೋರಿಸಿದೆ. ಸಿಟ್ಟು ಬಂದರೆ ತೆಲುಗಿನಲ್ಲಿ ಬೈಯುತ್ತಿದ್ದೆ. ತವರು ಆಂಧ್ರದ ಗಡಿಯ ರಾಯಲ್ಪಾಡು, ನನ್ನ ಬೈಗುಳವೆಲ್ಲ ಅಲ್ಲಿಯದು. ಕೇಳಿಸಿಕೊಂಡು ತಿರುಗಿ ಬೈಯುವವರು ಇಲ್ಲದ್ದೇ ದೊಡ್ಡ ಬೇಜಾರು.

ಮೂರನೆಯ ತಿಂಗಳು ಭವ್ಯಳ ಮೇಡಂ, ಅಂದರೆ ಅವಳ ಓದನ್ನು ತಿದ್ದುವಾಕೆ, ಒಂದು ವಿಗ್ರಹ ನೋಡಲೆಂದು ನನ್ನನ್ನು ಕರೆಸಿದಳು. ಅವರ ಉಗ್ರಾಣದಲ್ಲಿ ಕಾಗದದ ಜೊತೆಗೆ ಮೊಳದೆತ್ತರದ ಒಂದು ದೇವಿ ವಿಗ್ರಹವೂ ಇತ್ತು. ಚೀಟಿಯಲ್ಲಿ ಮಾಲೂರಿನ ಹೆಸರು. ಅದನ್ನು ಯಾರೋ ಇಂಗ್ಲಿಷ್ ದೊರೆ ನಮ್ಮ ಕಡೆಯ ಗುಡಿಯಿಂದ ಕಿತ್ತುಕೊಂಡು ಹೋದ ಎಂದು ಭವ್ಯ ಬರೆಯುತ್ತಿದ್ದಳು. ಒಂದು ಇಡೀ ಅಧ್ಯಾಯ ಅದರ ಮೇಲೇ ನಿಂತಿತ್ತು. ಬೇಸಿಗೆಯ ಮೊದಲು ಅದನ್ನು ಒಪ್ಪಿಸದಿದ್ದರೆ ಓದಿಗೆ ಕೊಡುವ ಹಣ ನಿಲ್ಲುತ್ತಿತ್ತು.

ಮುಟ್ಟುವ ಮೊದಲು ಕೈಗೆ ಗವಸು ಹಾಕಿಸಿದರು. ಕಲ್ಲಿಗೆ ನನ್ನ ಕೈಯಿಂದ ಏನು ಕೆಡುಕು? ಐವತ್ತು ವರ್ಷ ವಿಗ್ರಹ ಉಜ್ಜಿ ನಯಮಾಡಿದ ಕೈ ಇದು. ನಮ್ಮಲ್ಲಿ ಕೆತ್ತುವುದು ಗಂಡಸರು, ನೀರು ಹಾಕಿ ಉಜ್ಜುವುದು ಹೆಂಗಸರು. ಗವಸಿನಲ್ಲಿ ಏನೂ ತಿಳಿಯಲಿಲ್ಲ. ಬಾಗಿ ವಿಗ್ರಹದ ಕಂಕುಳ ಹತ್ತಿರ ಬಾಯಿಂದ ಹಬೆ ಊದಿದೆ. ಕಾವಲಿನವನು ಓಡಿ ಬಂದ. ಅಷ್ಟರಲ್ಲಿ ಕೂದಲೆಳೆಯ ಗೆರೆಯೊಂದು ಕಪ್ಪಗೆ ಎದ್ದು ಮಾಯವಾಯಿತು. ಮಂಡಿಯಿಂದ ಕೆಳಗೆ ಕಲ್ಲು ಒರಟಾಗಿಯೇ ಇತ್ತು. ಆಮೇಲೆ ಕಣ್ಣು ನೋಡಿದೆ. ಬರಿಯ ಉಬ್ಬು.

ಆ ಜನ ಕಳ್ಳರು ಎಂದು ನಾನು ಇಳಿದ ದಿನದಿಂದಲೂ ಅನುಮಾನಪಟ್ಟಿದ್ದೆ. ಕೊನೆಗೂ ಮಾಲು ಸಿಕ್ಕಿದೆ ಎಂದುಕೊಂಡರೆ ಮಾಲೇ ನಾನು ಕದ್ದದ್ದಲ್ಲ ಎನ್ನುತ್ತಿದೆ. ಸುಮ್ಮನಿದ್ದುಬಿಡಲೇ ಎಂದು ಬಸ್ಸಿನಲ್ಲಿ ಪೂರ್ತಿ ಯೋಚಿಸಿದೆ. ಮನೆಗೆ ಬಂದು ಮಗುವಿಗೆ ಉಣ್ಣಿಸುತ್ತ ಹೇಳಿದೆ.

"ಲೇ ಭವ್ಯ, ಅದು ದೇವರಲ್ಲ ಕಣೇ. ಕಣ್ಣು ಬಿಡಿಸಿಲ್ಲ."

"ಸವೆದಿರ್ಬೋದು ಅಜ್ಜಿ. ಎಷ್ಟು ವರ್ಷ ಅಭಿಷೇಕ ಆಗಿದ್ಯೋ."

"ಆಗಿದ್ರೆ ಕೆತ್ತಿದ ಸೀರೆಯ ಮಡಿಕೇಲಿ ಎಣ್ಣೆ ಕೂತಿರ್ತಿತ್ತು. ಮೂಗು ಸವೀದೆ ಕಣ್ಣೊಂದೇ ಸವೆಯುತ್ತಾ? ಕಂಕುಳಲ್ಲಿ ಕಲ್ಲು ಸೀಳಿದೆ. ಉಜ್ಜೋಳು ಅದನ್ನ ನೋಡಿ, ಮಂಡಿ ಹತ್ರ ಕೈ ಬಿಟ್ಟು ಎದ್ದಿದ್ದಾಳೆ. ನಾನಾಗಿದ್ರೂ ಏಳ್ತಿದ್ದೆ."

ಕಣ್ಣಿನ ಗೆರೆ ಎಳೆಯುವುದು ಎಲ್ಲಕ್ಕಿಂತ ಕೊನೆಗೆ, ಪೂಜೆ ಮಾಡಿ. ಅಲ್ಲಿಯವರೆಗೆ ಅದು ಕಲ್ಲು. ಮೇಲೆ ಕೂರಬಹುದು, ಟವಲು ಒಣಹಾಕಬಹುದು. ಸೀಳಿದ್ದನ್ನು ಕೆಲಸದ ಚಪ್ಪರದ ಹಿಂದೆ ಎಸೆಯುತ್ತೇವೆ. ಅಂಥದ್ದನ್ನು ಕೊಳ್ಳುವ ಪೆದ್ದ ಸಿಕ್ಕಿದರೆ ನಮ್ಮವರು ಬಿಟ್ಟಾರೆಯೇ, ಮಾರಿದ್ದಾರೆ. ಉಳಿಯ ಬೀದಿಯಲ್ಲಿ ಹುಟ್ಟಿದ ಹುಡುಗಿಗೆ ಇದು ಕಾಣಲಿಲ್ಲ. ದೂಳು ಕುಡಿಯುವುದು ಬೇಡ, ಓದಲಿ ಎಂದು ಚಪ್ಪರದ ಹತ್ತಿರ ಸೇರಿಸದೆ ಬೆಳೆಸಿದವಳು ನಾನೇ.

ಭವ್ಯಳ ಮುಖ ಬಿಗಿಯಿತು. "ಮೇಡಂ ಏನಾದ್ರೂ ಹೇಳ್ಕೊಟ್ರಾ ನಿಂಗೆ?"

ಅನುಮಾನ ನಮ್ಮ ಮನೆಯ ಆಸ್ತಿ, ಅವಳಿಗೂ ಪಾಲು ಹೋಗಿದೆ. ಆ ಮೇಡಂಗೂ ನನಗೂ ಇಬ್ಬರಿಗೂ ಗೊತ್ತಿರುವ ಮಾತು ‘ಸಾರಿ’ ಒಂದೇ, ಅವಳು ಏನು ಹೇಳಿಕೊಟ್ಟಾಳು ಎಂದೆ. ಎರಡು ದಿನ ಅವಳು ಒಂದಕ್ಷರ ಬರೆಯಲಿಲ್ಲ. ಮೂರನೆಯ ಸಂಜೆ ಫೋನನ್ನು ನನ್ನ ಮುಂದೆ ಇಟ್ಟಳು.

"ಅವತ್ತು ಹೇಳಿದ್ದೆಲ್ಲ ಇದ್ರಲ್ಲಿ ಹೇಳು, ರೆಕಾರ್ಡ್ ಆಗುತ್ತೆ. ಬರೆದದ್ದು ಹರಿದು ಹೊಸದಾಗಿ ಶುರು ಮಾಡ್ತೀನಿ. ಆದ್ರೆ ಇಲ್ಲಿ ಒಂದು ಕಾಗದಕ್ಕೆ ಸಹಿ ಹಾಕ್ಬೇಕು. ಇಲ್ದಿದ್ರೆ ನಿನ್ನ ಮಾತು ನಾನು ಬಳಸೋ ಹಾಗಿಲ್ಲ."

ಹೇಳುತ್ತೇನೆ, ಸಹಿ ಮಾತ್ರ ಇಲ್ಲ ಎಂದೆ. ನನ್ನ ಗಂಡ ಓದದೆ ಹಾಕಿದ ಒಂದು ಸಹಿಗೆ ನಮ್ಮ ಒಂದೂವರೆ ಎಕರೆ ಬಂಡೆ ಜಮೀನು ಬೇರೆಯವರ ಹೆಸರಿಗೆ ಹೋಗಿದೆ. ಅವಳು ಕಾಗದ ಮೇಜಿನ ಮೇಲೆ ಬಿಟ್ಟು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಈಗ ನಾನು ಶಿವಾರಪಟ್ಟಣದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಇಲ್ಲಿ ಈಗ ಮಧ್ಯಾಹ್ನ ಮಲಗಿದರೆ ಸದ್ದು ಬಿಡುವುದಿಲ್ಲ. ಭವ್ಯ ಆ ಅಧ್ಯಾಯವನ್ನು ಉಜ್ಜುವ ಹೆಂಗಸರ ಮೇಲೆ ಬರೆದು ಒಪ್ಪಿಸಿದಳು. ನನ್ನ ದನಿ ಆ ಉಗ್ರಾಣದಲ್ಲೇ ಇದೆಯಂತೆ. ಒಳಗೆ ಯಾರು ಕೇಳುತ್ತಾರೋ, ಕೇಳಿ ಏನು ಮಾಡುತ್ತಾರೋ, ದೇವರಿಗೇ ಗೊತ್ತು.

ಅಲ್ಲಿ, ಸಹಿ ಇಲ್ಲ ಎಂದ ಮರುದಿನ ಬೆಳಗ್ಗೆ, ಆ ಕಾಗದವನ್ನು ಭವ್ಯಳಿಂದ ಮೂರು ಸಲ ಕನ್ನಡದಲ್ಲಿ ಓದಿಸಿ ಕೇಳಿದೆ. ವಿಳಾಸದ ಜಾಗದಲ್ಲಿ ಶಿವಾರಪಟ್ಟಣ ಎಂದು ಬರೆದೆ. ನನ್ನ ಪ್ರತಿ ಅಂಚೆಯಲ್ಲಿ ಬರುತ್ತದೆ ಎಂದಳು. ಅದು ತಪ್ಪಬಾರದೆಂದು ಕೆಳಗೆ ಭವ್ಯಳ ಮನೆಯ ನಂಬರನ್ನೂ ಬರೆದು ಸಹಿ ಹಾಕಿದೆ. ಸಾಕ್ಷಿ ಬೇಕಿಲ್ಲ ಅಜ್ಜಿ ಎಂದು ಅವಳು ಕೂಗುತ್ತಲೇ ಇದ್ದಳು. ಸಾಕ್ಷಿ ಇಲ್ಲದ ಸಹಿ ಎಂಥದ್ದು? ಕಾಗದ, ಪೆನ್ನು ಹಿಡಿದು ಹೋಗಿ ಪಕ್ಕದ ಮನೆಯ ಮುಚ್ಚಿದ ಬಾಗಿಲು ತಟ್ಟಿದೆ. ಮುದುಕಿ ಸಾರಿ ಎನ್ನುತ್ತ ತೆರೆದಳು. ಪೆನ್ನು ಅವಳ ಕೈಗಿಟ್ಟು ನನ್ನ ಹೆಸರಿನ ಕೆಳಗೆ ಬೆರಳಿಟ್ಟು ತೋರಿಸಿದೆ.