ಬೆಳ್ಳಿ ಗದೆ ಹುಡುಕಿ ಹೋದ ಕಾಕಾ

ಜನವರಿ ೧೧, ಭಾನುವಾರ, ಬೆಳಿಗ್ಗೆ ಆರೂವರೆ. ಚರ್ಚಿಗೆ ಹೊರಡುವ ಮೊದಲು ಇದನ್ನು ಬರೆಯಲು ಕೂತಿದ್ದೇನೆ. ಅಜ್ಜ ತೀರಿಕೊಂಡು ಇಂದಿಗೆ ಐದು ವಾರ.

ರಾಯಬಾಗ ಕಡೆಯ ನಮ್ಮೂರಲ್ಲಿ ಅಜ್ಜನನ್ನು ಎಲ್ಲರೂ ಪೈಲ್ವಾನರೆಂದೇ ಕರೆಯುತ್ತಿದ್ದರು. ಹರೆಯದಲ್ಲಿ ಜುಗೂಳದ ಕುಸ್ತಿಯಲ್ಲಿ ಅವರು ಬೆಳ್ಳಿ ಗದೆ ಗೆದ್ದಿದ್ದರು. ಕಟ್ಟಿಗೆಗೆ ಬೆಳ್ಳಿ ತಗಡು ಹೊದಿಸಿ ಮೊಳೆ ಹೊಡೆದ ಗದೆ. ನಾನು ಫೋಟೊದಲ್ಲಷ್ಟೇ ನೋಡಿದ್ದೇನೆ. ಅದು ಎಲ್ಲಿ ಹೋಯಿತೆಂದು ಕೇಳಿದರೆ ಅಜ್ಜ "ಕೊಟ್ಟೀನಿ" ಎಂದಷ್ಟೇ ಹೇಳುತ್ತಿದ್ದರು.

ಯಾವುದೋ ತಾಲೀಮಿನ, ಅಂದರೆ ಗರಡಿಮನೆಯ, ಪೈಲ್ವಾನನಿಗೆ ಕೊಟ್ಟಿರಬೇಕೆಂದು ಕಾಕಾ, ಅಂದರೆ ಅಪ್ಪನ ತಮ್ಮ, ನಂಬಿದ್ದರು. ಅದಕ್ಕಾಗಿ ಕುಡಚಿ, ಅಥಣಿ, ನಿಪ್ಪಾಣಿ ಎಲ್ಲ ತಿರುಗಿದರು. ಗದೆ ಸಿಗಲಿಲ್ಲ, ಬೇರೆಯವರ ಸಾಮಾನು ಮನೆಗೆ ಬಂತು. ನಾನು ಎಣಿಸಿಟ್ಟಂತೆ ಅವರ ಕೋಣೆಯಲ್ಲಿ ಗೆದ್ದವರ ತಲೆಗೆ ಸುತ್ತಿದ ಪಟಕಾ ಹದಿನಾಲ್ಕು, ಫೋಟೊ ಒಂಬತ್ತು, ಹೆಸರಾಂತ ಪೈಲ್ವಾನರೊಬ್ಬರದು ಎನ್ನುವ ಲಂಗೋಟಿ ಒಂದು.

"ಯಾರದೋ ಲಂಗೋಟಿಗೆ ಗಾಜಿನ ಕಟ್ಟ ಹಾಕಿಸಿ ಗ್ವಾಡಿಗೆ ತೂಗಹಾಕ್ಯಾನ ನೋಡ," ಎಂದು ಅಜ್ಜಿ ನನ್ನೆದುರು ಗೊಣಗುತ್ತಿದ್ದರು. "ನಿಮ್ಮಜ್ಜಂದು ನಾ ಇಷ್ಟ ವರ್ಷ ಒಗದದ್ದಕ್ಕ ಬೆಲೀನ ಇಲ್ಲ."

ಹಳೆ ಸಾಮಾನು ಮಾರುವವರು ಭಾನುವಾರವೇ ಸಿಗುತ್ತಿದ್ದುದರಿಂದ ಕಾಕಾ ಚರ್ಚಿಗೆ ಬರುವುದೂ ನಿಂತಿತು.

ಡಿಸೆಂಬರ್ ೭, ಭಾನುವಾರ. ಅಜ್ಜನಿಗೆ ಉಸಿರಾಡುವುದೇ ಕಷ್ಟವಾಗಿತ್ತು. ಮನೆಯಲ್ಲೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಲು ಸಂಜೆ ಐದಕ್ಕೆ ಪಾಸ್ಟರನ್ನು ಬರಹೇಳಿದ್ದರು. ಬೆಳಿಗ್ಗೆ ಬೈಕ್ ಹೊರತೆಗೆಯುತ್ತಿದ್ದ ಕಾಕಾನನ್ನು ಹಾಸಿಗೆಯಿಂದಲೇ ಕರೆದರು.

"ಸಂಜೀಗೆ ನನ್ನ ಬಾಜೂಕ ಕುಂಡ್ರ ಬಾರಪಾ. ಇಬ್ರೂ ಕೂಡೇ ತಗೊಳ್ಳೋಣು."

"ಸದಲಗಾದಾಗ ಒಂದ ಗದಾ ಐತಂತ ಅಪ್ಪಾ. ನಿಂದ ಇರಬೇಕ. ನೋಡಿ ಬರ್ತೀನಿ."

"ಅದು ನಂದಲ್ಲೋ."

"ನೋಡಲಾರ್ದ ಹೆಂಗ ಹೇಳ್ತಿ?"

ಅಜ್ಜ ನಕ್ಕರು. ನಗು ಕೆಮ್ಮಾಯಿತು.

ಐದಕ್ಕೆ ಪಾಸ್ಟರ್ ಬಂದರು. ಐದೂಮುಕ್ಕಾಲಿನವರೆಗೆ ಕಾಕಾನ ದಾರಿ ನೋಡಿದೆವು. ಆಮೇಲೆ ಅಜ್ಜಿ ಬೆನ್ನಿಗೆ ಕೈಕೊಟ್ಟು ಎಬ್ಬಿಸಿದರು. ಅಜ್ಜ ರೊಟ್ಟಿಯ ಚೂರು ತಿಂದು, ಚರ್ಚಿನ ಬೆಳ್ಳಿ ಬಟ್ಟಲನ್ನು ತಾವೇ ಹಿಡಿದು ಒಂದು ಗುಟುಕು ಕುಡಿದರು. ಆರೂಕಾಲಿಗೆ ಉಸಿರು ನಿಂತಿತು.

ಕಾಕಾ ಬಂದಾಗ ಏಳು ಗಂಟೆ. ಹೆಗಲ ಮೇಲೆ ಸದಲಗಾದ ಗದೆ. ಬಟ್ಟಲನ್ನು ಪಾಸ್ಟರಿಗೆ ತಿರುಗಿ ಕೊಡದೆ ಅಜ್ಜಿ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ನಿಮ್ಮಪ್ಪನ ಗದಾ ಇದ ನೋಡ," ಎಂದರು. "ಚರ್ಚಿಗೆ ಬಟ್ಟಲ ಇರಲಿಲ್ಲಂತ ಪತ್ತಾರನ ಕಡೆ ಬೆಳ್ಳಿ ಕರಗಿಸಿ ಬಟ್ಟಲ ಮಾಡಿಸಿ ಕೊಟ್ರು. ದೇವರಿಗೆ ಕೊಟ್ಟದ್ದ ಹೇಳ್ಕೋಬಾರ್ದು ಅಂತ ನನ್ನ ಬಾಯೀನೂ ಮುಚ್ಚಿಸಿದ್ರು. ಅದರ ಕಟ್ಟಿಗಿ ದನದ ಮನಿ ಬಾಗಲಕ ಆನಿಸೇವಿ."

ಗಾಳಿಗೆ ಬಾಗಿಲು ಬಡಿಯದಂತೆ ಇಟ್ಟಿದ್ದ ಆ ದುಂಡು ಕೊರಡನ್ನು ಕಾಕಾ ದಿನವೂ ಕಾಲಿನಿಂದ ಸರಿಸುತ್ತಿದ್ದರು. ಈಗ ಹೋಗಿ ಕೈಯಲ್ಲಿ ಎತ್ತಿಕೊಂಡರು. ಸುತ್ತಲೂ ಸಣ್ಣ ಮೊಳೆಗಳ ತೂತುಗಳಿದ್ದವು.

ಅಂದಿನಿಂದ ಅವರು ಪ್ರತಿ ಭಾನುವಾರ ನಮ್ಮ ಜೊತೆ ಬರುತ್ತಿದ್ದಾರೆ. ಕಳೆದ ವಾರ ಭೋಜನದ ಬಟ್ಟಲು ಕೈಗೆ ಬಂದಾಗ ಬಹಳ ಹೊತ್ತು ಹಿಡಿದು ನಿಂತು, ಕುಡಿಯದೆ ಮುಂದಿನವರಿಗೆ ಕೊಟ್ಟರು.

ಗದೆ ಕರಗಿಸಿದ ದಿನ ಅಜ್ಜನ ಜೊತೆ ಇದ್ದವರಾಗಲಿ, ಆ ಪತ್ತಾರರ ಮನೆಯವರಾಗಲಿ ಇದನ್ನು ಓದಿದರೆ ದಯವಿಟ್ಟು ನನಗೆ ಬರೆಯಿರಿ. ಬೆಳ್ಳಿಯ ತೂಕ ಎಷ್ಟಿತ್ತೆಂಬುದು ಬೇಡ. ಅಂದು ಅಜ್ಜ ಈ ಕಿರಿಯ ಮಗನ ಬಗ್ಗೆ ಏನಾದರೂ ಅಂದಿದ್ದರೇ ಎಂದು ಕಾಕಾ ಕೇಳುತ್ತಿದ್ದಾರೆ.