ಹೇಮಕ್ಕನ ಸೀಟಿನ ಕೆಳಗೆ

ಇಂಗ್ಲೆಂಡಿನ ಓಲ್ಡ್‌ಬರಿಯ ಆ ಬೀದಿಯಲ್ಲಿ ಶನಿವಾರ ಬೆಳಿಗ್ಗೆ ವಿನಾಯಕನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಯಾವ ಮನೆಯ ಮುಂದೆ ಒಂದು ಹಳೆಯ ಜಪಾನಿ ಕಾರು ಸ್ಟ್ಯಾಂಡಿನ ಮೇಲೆ ನಿಂತು, ಅದರ ಅಡಿಯಿಂದ ಎರಡು ಕಾಲು ಹೊರಗೆ ಚಾಚಿಕೊಂಡಿವೆಯೋ ಅದೇ ಮನೆ. ಕಾರು ವಾರಕ್ಕೊಂದು ಬದಲಾಗುತ್ತಿತ್ತು, ಕಾಲು ಮಾತ್ರ ಅವೇ.

ಆ ಕಾಲುಗಳ ಯಜಮಾನನಿಗೆ ನಲವತ್ತೈದು ವರ್ಷ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಬರ್ಮಿಂಗ್‌ಹ್ಯಾಮ್‌ಗೆ ಬಂದು, ರೈಲಿನ ಬಾಗಿಲುಗಳನ್ನು ಮಾಡುವ ಕಂಪನಿಯೊಂದರಲ್ಲಿ ಪರೀಕ್ಷೆಯ ವಿಭಾಗದಲ್ಲಿದ್ದ. ಅಲ್ಲಿ ಒಂದು ಬಾಗಿಲನ್ನು ಹತ್ತು ಸಾವಿರ ಸಲ ತೆಗೆದು ಮುಚ್ಚಿ, ಮೂರು ಜನ ಸಹಿ ಹಾಕುವವರೆಗೆ ಹೊರಗೆ ಬಿಡುತ್ತಿರಲಿಲ್ಲ. ‘ಸದ್ಯಕ್ಕೆ ನಡೆಯುತ್ತೆ ಬಿಡಿ’ ಎಂದ ಹೊಸಬನೊಬ್ಬನಿಗೆ ಎಲ್ಲರ ಎದುರಿಗೇ ನೀರಿಳಿಸಿದ್ದ. ಆ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಳೆಯ ಜಪಾನಿ ಕಾರು ಎಂದರೆ ಅವನಿಗೆ ಪ್ರಾಣ. ಅವುಗಳ ಎಂಜಿನ್‌ಗೆ ಮುಪ್ಪು ಬರುವುದಿಲ್ಲ, ಮುಪ್ಪು ಬರುವುದು ಮೈಗೆ ಎನ್ನುತ್ತಿದ್ದ. ಇಪ್ಪತ್ತು ವರ್ಷದ ಎಂಜಿನ್ ಇನ್ನೂ ಗುಂಡುಕಲ್ಲಿನ ಹಾಗೆ ಇರುತ್ತದೆ, ಕೆಳಗಿನ ತಗಡು ಮಾತ್ರ ಇಲ್ಲಿಯ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿಗೆ ಉದುರಿಹೋಗಿರುತ್ತದೆ. ತುಕ್ಕು ಕೆರೆದು, ತಗಡು ಬೆಸೆದು, ಬ್ರೇಕ್ ಬದಲಿಸಿ, ಸ್ಕ್ರ್ಯಾಪ್‌ಯಾರ್ಡಿನಿಂದ ತಂದ ಒಳ್ಳೆಯ ಸೀಟು, ಒಳ್ಳೆಯ ಸ್ಪೀಕರ್ ಕೂರಿಸಿ ಕೊಡುತ್ತಿದ್ದ. ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಯಾರ ಕಾರು ಕೆಮ್ಮಿದರೂ ಮೊದಲ ಫೋನ್ ಅವನಿಗೆ. ದುಡ್ಡು ಮುಟ್ಟುತ್ತಿರಲಿಲ್ಲ. ಚಕ್ಕುಲಿ, ಕೋಡುಬಳೆ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ. ಅವನ ಬಾಯಲ್ಲಿ ಬಾರದ ಮಾತೆಂದರೆ ‘ನನ್ನ ಕೈಲಿ ಆಗಲ್ಲ’ ಎನ್ನುವುದು. ಪುಕ್ಕಟೆ ಕೆಲಸ ಮಾಡಿಸಿಕೊಂಡವರು ಪ್ರಶ್ನೆ ಕೇಳುವುದಿಲ್ಲ, ಹೊಗಳುತ್ತಾರೆ. ಆ ಹೊಗಳಿಕೆಯ ರುಚಿ ಅವನಿಗೆ ಚೆನ್ನಾಗಿಯೇ ಹತ್ತಿತ್ತು.

ಹಾಗೆ ಹೊಗಳುವವರಲ್ಲಿ ಮೊದಲಿಗರು ಪಕ್ಕದ ಟಿವಿಡೇಲಿನ ಹೇಮಲತಾ. ಮೈಸೂರಿನವರು, ಅರವತ್ಮೂರು ವರ್ಷ, ವಿನಾಯಕನಿಗೆ ಹೇಮಕ್ಕ. ಗಂಡ ಲಕ್ಷ್ಮೀನಾರಾಯಣ ಕಾರು ಓಡಿಸುವುದಿಲ್ಲ. ಆದ್ದರಿಂದ ಶನಿವಾರ ಶನಿವಾರ ಮಂಡಿನೋವಿನ ಇಬ್ಬರು ಮೂವರು ಹೆಂಗಸರನ್ನು ಬಾಲಾಜಿ ದೇವಸ್ಥಾನಕ್ಕೆ ಕರೆದೊಯ್ದು ಕರೆತರುವುದು ಹೇಮಕ್ಕನ ಪಾಲಿನ ಸೇವೆ. ಮೂರು ವರ್ಷದ ಹಿಂದೆ ಅವರಿಗೆ ಬೆನ್ನುನೋವು ಶುರುವಾಯಿತು. ಕಾರಿನ ಸೀಟು ತೀರ ತಗ್ಗು, ಇಳಿಯುವಾಗ ಬಾಗಿಲು ಹಿಡಿದುಕೊಂಡು ಅಯ್ಯಪ್ಪಾ ಎನ್ನುತ್ತಿದ್ದರು. ವಿನಾಯಕ ಅದೇ ಕಾರಿನ ದುಬಾರಿ ಮಾದರಿಯ ಸೀಟೊಂದನ್ನು ಹುಡುಕಿ ತಂದ. ಎತ್ತರ ಹೆಚ್ಚು ಕಡಿಮೆ ಮಾಡಬಹುದು, ಬೆನ್ನಿಗೆ ಒತ್ತು ಕೊಡುತ್ತದೆ. ಒಂದು ಭಾನುವಾರ ಅದನ್ನು ಕೂರಿಸಿದ.

ಸೀಟು ಕೂತಿತು, ವೈರು ಕೂರಲಿಲ್ಲ. ಸೀಟಿನ ಬದಿಯಲ್ಲಿ ಒಂದು ಏರ್‌ಬ್ಯಾಗ್ ಮಡಚಿಟ್ಟಿರುತ್ತದೆ. ಪಕ್ಕದಿಂದ ಯಾರಾದರೂ ಗುದ್ದಿದರೆ ಅದು ಉಬ್ಬಿ, ಕೂತವರ ಪಕ್ಕೆಗೂ ಬಾಗಿಲಿಗೂ ನಡುವೆ ಬರುತ್ತದೆ. ಅದಕ್ಕೆ ಕರೆಂಟು ಕೊಡುವ ಹಳದಿ ಪ್ಲಗ್ಗು ಸೀಟಿನ ಕೆಳಗಿದೆ. ಹೊಸ ಸೀಟಿನ ಪ್ಲಗ್ಗಿನ ಆಕಾರವೇ ಬೇರೆ. ಎದುರಿಗೆ ಏರ್‌ಬ್ಯಾಗಿನ ಕೆಂಪು ದೀಪ ಹತ್ತಿ ಕೂತಿತು. ಕಾರಿನ ಕಂಪನಿಯ ಹೆಸರು ಬೇಡ, ತಪ್ಪು ಅವರದಲ್ಲ. ಆ ದೀಪ ಹತ್ತಿದ್ದರೆ ವರ್ಷಕ್ಕೊಮ್ಮೆಯ ಎಂಒಟಿ ತಪಾಸಣೆಯಲ್ಲಿ ಕಾರು ಫೇಲ್. ಹೇಮಕ್ಕನ ಎಂಒಟಿ ಮಾರನೆಯ ದಿನವೇ ಇತ್ತು.

ಇಂಥ ಹೊತ್ತಿಗೆ ಒಂದು ಕಳ್ಳದಾರಿಯಿದೆ. ಪ್ಲಗ್ಗಿನ ಎರಡು ತಂತಿಗಳ ನಡುವೆ ಒಂದು ರೆಸಿಸ್ಟರ್ ಸಿಕ್ಕಿಸಿದರೆ ಸಾಕು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ವಸ್ತು. ಕಾರಿನ ಕಂಪ್ಯೂಟರ್ ಏರ್‌ಬ್ಯಾಗ್ ಇದೆ ಎಂದುಕೊಳ್ಳುತ್ತದೆ, ದೀಪ ಆರುತ್ತದೆ. ವಿನಾಯಕ ಕಂಪ್ಯೂಟರಿನ ಕಣ್ಣಿಗೆ ಮಣ್ಣೆರಚಿದ. ಹತ್ತು ನಿಮಿಷದ ಕೆಲಸ. ‘ಸದ್ಯಕ್ಕೆ ನಡೆಯುತ್ತೆ, ಸರಿಯಾದ ಸೀಟು ಸಿಕ್ಕಾಗ ಬದಲಾಯಿಸಿದರಾಯಿತು’ ಎಂದು ತನಗೆ ತಾನೇ ಹೇಳಿಕೊಂಡ. ಹೇಮಕ್ಕನಿಗೆ ಹೇಳಲಿಲ್ಲ. ಕಾರು ಪಾಸಾಯಿತು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಬಂತು. ಅದು ಖಾಲಿಯಾಗುವ ಹೊತ್ತಿಗೆ ರೆಸಿಸ್ಟರ್ ಮರೆತೂ ಹೋಯಿತು.

ಗೊತ್ತಿಲ್ಲದೆ ಮಾಡಿದ ಎನ್ನುವ ಹಾಗೂ ಇಲ್ಲ. ಅದಕ್ಕೆ ಒಂದು ವರ್ಷದ ಹಿಂದೆ ತನ್ನ ಹೆಂಡತಿ ಸಿಂಚನಾಳ ಕಾರಿಗೂ ಬೇರೆ ಸೀಟು ಹಾಕಿದ್ದ. ಅಲ್ಲೂ ಪ್ಲಗ್ಗು ಕೂಡಲಿಲ್ಲ, ದೀಪ ಹತ್ತಿತು. ಆಗ ಮಾತ್ರ ಕಾರಿನ ಬೀಗದ ಕೈ ಕಿತ್ತಿಟ್ಟುಕೊಂಡು, ಸರಿಯಾದ ಸೀಟು ಸಿಗುವವರೆಗೆ ಮೂರು ವಾರ ಕಾದ. ಅಷ್ಟೂ ದಿನ ಸಿಂಚನಾ ಗೊಣಗಿಕೊಂಡು ಎರಡು ಬಸ್ಸು ಬದಲಿಸಿ ಎಜ್‌ಬಾಸ್ಟನ್ನಿನ ಕೆಲಸಕ್ಕೆ ಹೋಗಿದ್ದಳು.

ಈ ಆಗಸ್ಟಿನ ಒಂದು ಮಧ್ಯಾಹ್ನ ಹೇಮಕ್ಕ ಜೊತೆಗಿದ್ದವರನ್ನೆಲ್ಲ ಮನೆಗಿಳಿಸಿ ಒಬ್ಬರೇ ಬರುತ್ತಿದ್ದಾಗ, ಸಿಗ್ನಲ್ ದಾಟಿ ನುಗ್ಗಿದ ವ್ಯಾನೊಂದು ಬಲಗಡೆಯಿಂದ, ಅವರು ಕೂತಿದ್ದ ಕಡೆಯ ಬಾಗಿಲಿಗೇ ಗುದ್ದಿತು. ನಾಲ್ಕು ಪಕ್ಕೆಲುಬು ಮುರಿಯಿತು. ಬಲ ಭುಜದ ಮೂಳೆ ಎರಡು ಕಡೆ ಸೀಳಿತು.

ಸುದ್ದಿ ಕೇಳಿದ ಕೂಡಲೇ ವಿನಾಯಕ ಹೊರಟ. ಆಸ್ಪತ್ರೆಗೆ ಹೋದಾಗ ಮೊದಲು ಕೇಳಿದ್ದು ಏರ್‌ಬ್ಯಾಗಿನ ವಿಷಯವನ್ನೇ.

“ಪಕ್ಕದ್ದು ಓಪನ್ ಆಗ್ಲಿಲ್ಲಪ್ಪ,” ಎಂದರು ಲಕ್ಷ್ಮೀನಾರಾಯಣ. “ಹಳೇ ಕಾರಲ್ವಾ, ಕೆಟ್ಟೋಗಿತ್ತೋ ಏನೋ. ನೀನು ಅದನ್ನೆಲ್ಲ ತಲೆಗೆ ಹಚ್ಕೋಬೇಡ.”

ಹಾಸಿಗೆಯಲ್ಲಿದ್ದ ಹೇಮಕ್ಕ ಎಡಗೈಯಿಂದ ಅವನ ಕೈ ಹಿಡಿದುಕೊಂಡರು. “ನೀನು ಹಾಕಿದ ಸೀಟು ಕಣೋ ನನ್ನ ಉಳಿಸಿದ್ದು. ಹಳೇ ಸೀಟಾಗಿದ್ರೆ ನನ್ನ ಬೆನ್ನೇ ಹೋಗಿರೋದು.”

ವಿನಾಯಕ ಮೆಲ್ಲಗೆ ಕೈ ಬಿಡಿಸಿಕೊಂಡ. “ರೆಸ್ಟ್ ತಗೊಳಿ ಹೇಮಕ್ಕ,” ಎಂದಷ್ಟೇ ಹೇಳಿ ಹೊರಬಂದ. ಕಾರನ್ನು ಇನ್ಶೂರೆನ್ಸಿನವರು ಎಳೆದುಕೊಂಡು ಹೋಗಿ ಗುಜರಿಗೆ ಹಾಕಿದರು. ಇನ್ನು ಯಾರೂ ಸೀಟಿನ ಕೆಳಗೆ ಬಗ್ಗಿ ನೋಡುವ ಹಾಗಿಲ್ಲ. ಅದು ತಿಳಿದಾಗ ಅವನಿಗೆ ಒಂದು ಕ್ಷಣ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಆಮೇಲೆ ತನ್ನ ಮೇಲೇ ಹೇಸಿಗೆಯಾಯಿತು.

ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದರೆ ನಾಲ್ಕರಲ್ಲಿ ಎಷ್ಟು ಪಕ್ಕೆಲುಬು ಉಳಿಯುತ್ತಿದ್ದವು? ಒಂದೂ ಉಳಿಯುತ್ತಿರಲಿಲ್ಲವೇನೋ, ನಾಲ್ಕೂ ಉಳಿಯುತ್ತಿದ್ದವೇನೋ. ಹತ್ತು ಸಾವಿರ ಸಲ ಪರೀಕ್ಷೆ ಮಾಡಿ ಉತ್ತರ ಹುಡುಕುವವನಿಗೆ ಈ ಲೆಕ್ಕಕ್ಕೆ ಉತ್ತರವೇ ಇರಲಿಲ್ಲ. ಎರಡು ತಿಂಗಳು ಟೂಲ್‌ಬಾಕ್ಸ್ ಮುಟ್ಟಲಿಲ್ಲ. ಫೋನ್ ಮಾಡಿದವರಿಗೆ ಸೊಂಟ ಹಿಡಿದುಕೊಂಡಿದೆ ಎಂದು ಸುಳ್ಳು ಹೇಳಿದ. ಅದಕ್ಕೂ ಒಬ್ಬರು ಎಣ್ಣೆ ಕಳಿಸಿಕೊಟ್ಟರು.

ಇಷ್ಟಕ್ಕೇ ನಿಂತಿದ್ದರೆ ಅವನು ಬಾಯಿ ಮುಚ್ಚಿಕೊಂಡೇ ಇದ್ದುಬಿಡುತ್ತಿದ್ದ ಎಂದು ನನ್ನ ಅನುಮಾನ. ಆದರೆ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಒಂದು ಸಂಘ, ಸಂಘ ಇದ್ದ ಕಡೆ ರಾಜ್ಯೋತ್ಸವ, ರಾಜ್ಯೋತ್ಸವ ಇದ್ದ ಕಡೆ ಯಾರಿಗಾದರೂ ಒಬ್ಬರಿಗೆ ಶಾಲು, ಹಾರ, ಮೈಸೂರು ಪೇಟ ಆಗಲೇಬೇಕು. ಈ ಸಲ ವಿನಾಯಕನಿಗೇ ಸನ್ಮಾನ ಎಂದು ಹಟ ಹಿಡಿದವರು ಹೇಮಕ್ಕ. ಕಾರ್ಯದರ್ಶಿ ಪ್ರಭಾಕರನಿಗೆ ಫೋನಿನ ಮೇಲೆ ಫೋನು. ಅಷ್ಟೇ ಅಲ್ಲ, ಪೇಟ ತಾನೇ ತೊಡಿಸಬೇಕಂತೆ, ಅದೂ ಬಲಗೈಯಲ್ಲಿ. ಮೇಲೆತ್ತಲು ಬಾರದ ಆ ಕೈಗೆ ಫಿಸಿಯೋಥೆರಪಿಯವಳು ಏನಾದರೊಂದು ಗುರಿ ಇಟ್ಟುಕೊಳ್ಳಿ ಎಂದಿದ್ದಳು. ಹೇಮಕ್ಕ ಇಟ್ಟುಕೊಂಡ ಗುರಿ ವಿನಾಯಕನ ತಲೆ.

ಇದನ್ನು ಕೇಳಿದ ಮೇಲೆ ಅವನಿಗೆ ಅನ್ನ ಇಳಿಯಲಿಲ್ಲ. ಆ ಪೇಟ ತಲೆಗೇರುವ ಮೊದಲು ಹೇಳಲೇಬೇಕು ಎಂದು ನಿಶ್ಚಯಿಸಿ, ಅಕ್ಟೋಬರ್ ಕೊನೆಯ ಶನಿವಾರ ಬೆಳಿಗ್ಗೆ ಟಿವಿಡೇಲಿಗೆ ಹೋದ.

ಒಳಗೆ ಲಕ್ಷ್ಮೀನಾರಾಯಣ ಹೆಂಡತಿಗೆ ಜಡೆ ಹಾಕುತ್ತಿದ್ದರು. ಕೈ ಎತ್ತಲಾಗದ ಹೆಂಗಸು ತನ್ನ ತಲೆ ತಾನು ಬಾಚಿಕೊಳ್ಳುವುದು ಹೇಗೆ? ಇದು ವಿನಾಯಕನಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಆ ಮುದುಕರ ಕೈಯಲ್ಲಿ ಜಡೆ ಸೊಟ್ಟಗೆ, ಒಂದು ಎಳೆ ದಪ್ಪ ಒಂದು ಎಳೆ ತೆಳ್ಳಗೆ ಬಂದಿತ್ತು. ಮೇಜಿನ ಮೇಲೆ ಜರಿಯಂಚಿನ ಪೇಟ ಇತ್ತು.

“ಬಾ ಬಾ, ಸರಿಯಾದ ಟೈಮಿಗೆ ಬಂದೆ,” ಎಂದರು ಹೇಮಕ್ಕ. “ನಿನ್ನೆ ಕಿವಿ ತನಕ ಬಂತು ಗೊತ್ತಾ ಕೈ! ಇರು, ಒಂದು ರಿಹರ್ಸಲ್ ಮಾಡೋಣ. ನೀನು ಸ್ವಲ್ಪ ತಲೆ ಬಗ್ಗಿಸು, ಆಗೋಗತ್ತೆ.”

ಅವನು ಬೇಡವೆನ್ನುವುದರೊಳಗೆ ಪೇಟ ಕೈಗೆತ್ತಿಕೊಂಡಿದ್ದರು. ವಿನಾಯಕ ತಲೆ ಬಗ್ಗಿಸಿದ. ಅವರ ಉಸಿರು ಗಟ್ಟಿಯಾಗುವುದು, ನೋವಿಗೆ ಹಲ್ಲು ಕಚ್ಚುವುದು ಕೇಳಿಸುತ್ತಿತ್ತು. ನೆಲ ನೋಡುತ್ತಲೇ ಎಲ್ಲವನ್ನೂ ಹೇಳಿದ. ಹಳದಿ ಪ್ಲಗ್ಗು, ಕೆಂಪು ದೀಪ, ರೆಸಿಸ್ಟರ್, ಮಾರನೆಯ ದಿನದ ಎಂಒಟಿ.

“ಏರ್‌ಬ್ಯಾಗ್ ಕೆಟ್ಟಿರ್ಲಿಲ್ಲ ಹೇಮಕ್ಕ. ನಾನೇ ಅದಕ್ಕೆ ಕನೆಕ್ಷನ್ ಕೊಟ್ಟಿರ್ಲಿಲ್ಲ. ಮೂರು ವರ್ಷ ನಿಮ್ಮನ್ನ ಹಾಗೇ ಓಡಾಡೋಕೆ ಬಿಟ್ಟೆ.”

ಪೇಟ ಅವನ ತಲೆಗೆ ಬರಲಿಲ್ಲ. ತಲೆ ಎತ್ತಿದಾಗ ಹೇಮಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಲಕ್ಷ್ಮೀನಾರಾಯಣ ಬಾಚಣಿಗೆ ಹಿಡಿದುಕೊಂಡೇ ನಿಂತಿದ್ದರು. ಬೈದಿದ್ದರೆ, ಎದ್ದು ಎರಡು ಬಾರಿಸಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹೇಮಕ್ಕ ಒಂದೇ ಪ್ರಶ್ನೆ ಕೇಳಿದರು.

“ಸಿಂಚನಾ ಕಾರಿಗೂ ಸೀಟು ಬದಲಾಯಿಸಿದ್ರಿ ಅಲ್ವಾ? ಅದ್ರಲ್ಲೂ ಇದನ್ನೇ ಹಾಕಿದೀರಾ?”

ಹನ್ನೊಂದು ವರ್ಷದ ಪರಿಚಯದಲ್ಲಿ ಆಕೆ ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಹೌದು ಎಂದು ಒಂದು ಸುಳ್ಳು ಹೇಳಿದ್ದರೆ ತಪ್ಪು ಎಷ್ಟೋ ಚಿಕ್ಕದಾಗುತ್ತಿತ್ತು. ನನ್ನ ಹೆಂಡತಿಯನ್ನೂ ಹಾಗೇ ಕೂರಿಸಿದ್ದೆ, ನನ್ನ ಬುದ್ಧಿಯೇ ಅಷ್ಟು ಎಂದು ತಪ್ಪಿಸಿಕೊಳ್ಳಬಹುದಿತ್ತು.

“ಇಲ್ಲ,” ಎಂದ ವಿನಾಯಕ. “ಅದಕ್ಕೆ ಮೂರು ವಾರ ಕಾದು ಸರಿಯಾದ್ದೇ ಹಾಕಿದೆ.”

ಹೇಮಕ್ಕನ ಕಣ್ಣು ತುಂಬಿದ್ದು ಆಗ. “ಸನ್ಮಾನ ಬೇಡ ಅಂತ ಪ್ರಭಾಕರನಿಗೆ ನೀವೇ ಹೇಳಿ,” ಎಂದರು. “ಯಾಕೆ ಬೇಡ ಅನ್ನೋದನ್ನೂ ನೀವೇ ಹೇಳಿ.”

ಕಾಫಿ ಕುಡಿ ಎಂದು ಯಾರೂ ಅನ್ನಲಿಲ್ಲ. ಲಕ್ಷ್ಮೀನಾರಾಯಣ ಬಾಗಿಲವರೆಗೆ ಬಂದರು, ಅವನು ಹೊರಗೆ ಕಾಲಿಟ್ಟ ಮೇಲೆ ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡರು.

ಅಂದೇ ವಿನಾಯಕ ಪ್ರಭಾಕರನಿಗೆ ಸಂದೇಶ ಕಳಿಸಿದ. ಉದ್ದವಾಗಿ ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಕಳಿಸಿದ್ದು ಇಷ್ಟೇ: ‘ನನಗೆ ಸನ್ಮಾನ ಬೇಡ, ದಯವಿಟ್ಟು ಒತ್ತಾಯ ಮಾಡಬೇಡಿ.’ ಕಾರಣವನ್ನು ಮುಖತಃ ಹೇಳಿದರಾಯಿತು ಎಂದುಕೊಂಡ. ನೋಡಿ, ಮತ್ತೆ ಅದೇ ಬುದ್ಧಿ. ದೀಪ ಆರಿತು, ಸದ್ಯಕ್ಕೆ ನಡೆಯುತ್ತೆ. ಸಿಂಚನಾಳಿಗೆ ಮಾತ್ರ ಅಂದು ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿ, ಹೇಮಕ್ಕನಿಗಿಲ್ಲದ ಜೋಪಾನ ತನಗೂ ಬೇಡ ಎನ್ನುವ ಹಾಗೆ ತನ್ನ ಕಾರಿನ ಕೀಲಿ ಮೇಜಿನ ಮೇಲಿಟ್ಟು, ಸೋಮವಾರ ಬಸ್ಸಿನಲ್ಲಿ ಕೆಲಸಕ್ಕೆ ಹೋದಳು.

ನವೆಂಬರಿನ ಎರಡನೆಯ ಭಾನುವಾರ ರಾಜ್ಯೋತ್ಸವ. ಶಾಲೆಯೊಂದರ ಹಾಲ್ ಬಾಡಿಗೆಗೆ ಹಿಡಿದಿದ್ದರು, ಬಾಗಿಲಿಗೆ ಹಳದಿ ಕೆಂಪು ಬಾವುಟ, ಒಳಗೆ ಬಿಸಿಬೇಳೆ ಬಾತಿನ ಘಮ. ವಿನಾಯಕ ಕೊನೆಯ ಸಾಲಿನಲ್ಲಿ ಕೂತ. ಮೂರನೆಯ ಸಾಲಿನಲ್ಲಿ ಹೇಮಕ್ಕ, ಅವರ ಬೆನ್ನ ಮೇಲೆ ಆ ಸೊಟ್ಟ ಜಡೆ. ಮಕ್ಕಳ ಹಾಡು ಮುಗಿದ ಮೇಲೆ ಪ್ರಭಾಕರ ಮೈಕಿನ ಮುಂದೆ ಬಂದ.

“ಈ ವರ್ಷ ಸನ್ಮಾನ ಆಗಬೇಕಾಗಿದ್ದು ನಮ್ಮ ವಿನಾಯಕ ಅವರಿಗೆ. ಆದ್ರೆ ಅವರು ಬೇಡವೇ ಬೇಡ ಅಂದ್ಬಿಟ್ರು. ಇಷ್ಟು ಜನರ ಕಾರು ರಿಪೇರಿ ಮಾಡ್ಕೊಟ್ಟು, ಒಂದು ಶಾಲೂ ಬೇಡ ಅಂತಾರಲ್ಲ, ಇಂಥ ವಿನಯ ಎಲ್ಲಿ ಸಿಗತ್ತೆ ಹೇಳಿ! ಒಂದು ಜೋರು ಚಪ್ಪಾಳೆ!”

ಹಾಲ್ ತುಂಬ ಚಪ್ಪಾಳೆ ಬಿತ್ತು. ಮುಂದಿನವರು ಹಿಂತಿರುಗಿ ನೋಡಿ ನಕ್ಕರು, ಪಕ್ಕದವರು ಬೆನ್ನು ತಟ್ಟಿದರು. ವಿನಾಯಕನ ಕಿವಿ ಬೆಂಕಿಯಾಯಿತು. ಅವನು ನೋಡುತ್ತಿದ್ದುದು ಆ ಜಡೆಯನ್ನು ಮಾತ್ರ. ಹೇಮಕ್ಕ ಹಿಂತಿರುಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಚಪ್ಪಾಳೆ ನಿಲ್ಲುತ್ತಾ ಬಂದಾಗ, ಶಾಲೆಯಲ್ಲಿ ಮಕ್ಕಳು ಮಾತಾಡಲು ಅಪ್ಪಣೆ ಕೇಳುವ ಹಾಗೆ, ಅವರು ನಿಧಾನವಾಗಿ ಬಲಗೈ ಎತ್ತತೊಡಗಿದರು.

ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ವೇದಿಕೆಯ ಮೇಲಿದ್ದ ಪ್ರಭಾಕರನಿಗೆ ಅದು ಕಾಣಲೂ ಇಲ್ಲ, ಅವನು ಮುಂದಿನ ಕಾರ್ಯಕ್ರಮದ ಚೀಟಿ ಹುಡುಕುತ್ತಿದ್ದ.

ವಿನಾಯಕ ಎದ್ದು ನಡುವಿನ ದಾರಿಯಲ್ಲಿ ಮುಂದೆ ಬಂದ. ಮೂರನೆಯ ಸಾಲು ದಾಟುವಾಗ ಹೇಮಕ್ಕ ಕೈ ಇಳಿಸಿದರು. “ಪ್ರಭಾಕರ, ಆ ಮೈಕ್ ಸ್ವಲ್ಪ ಕೊಡಿ,” ಎಂದ. ಇನ್ನೊಂದು ಸಲ ಚಪ್ಪಾಳೆ ಬಿತ್ತು. ಅದು ಮುಗಿಯುವವರೆಗೆ ಕಾದು, ಹೇಮಕ್ಕನ ಕಡೆ ನೋಡಿ ಮಾತು ಶುರುಮಾಡಿದ.

“ನನ್ನದು ವಿನಯ ಅಲ್ಲ. ಹೇಮಕ್ಕನ ಸೀಟಿನ ಕೆಳಗೆ ನಾನೊಂದು ಕೆಲಸ ಮಾಡಿದ್ದೆ. ಅದನ್ನ ನನ್ನ ಹೆಂಡತಿ ಸೀಟಿನ ಕೆಳಗೆ ಮಾಡ್ತಾ ಇರ್ಲಿಲ್ಲ.”