ನೆಲದ ಮೇಲಿನ ಡಬ್ಬಿ, ಗಂಗಮ್ಮನ ಕಾಯಿ

ನಯವಾದ ಟೈಲ್ಸ್ ಮೇಲೆ ತೆಂಗಿನಕಾಯಿಯ ನೀರು ಎಷ್ಟು ಬೇಗ ಹರಿಯುತ್ತದೆ, ಎಂದಾದರೂ ಗಮನಿಸಿದ್ದೀರಾ? ನಾನು ಗಮನಿಸಿದ್ದೇನೆ. ಹೋದ ಭಾನುವಾರದಿಂದ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ.

ಸಿಂಧನೂರಿನಲ್ಲಿ ನನ್ನ ಅಕ್ಕನ ಮನೆ. ಅವಳ ಗಂಡ ವೀರೇಶ ಮಾವ ಮದುವೆಗಳ ಫೋಟೊ, ವಿಡಿಯೊ ತೆಗೆಯುತ್ತಾರೆ. ಮನೆಯ ಕಂಪ್ಯೂಟರ್ ತುಂಬಿ ಹೋಗಿತ್ತೆಂದು ಹೊಸ ನೆಟ್‌ವರ್ಕ್ ಸ್ಟೋರೇಜ್ ತಂದಿದ್ದರು. (ಹೆಸರು ದೊಡ್ಡದು. ನೋಡಲು ಎರಡು ಹಾರ್ಡ್ ಡಿಸ್ಕ್ ತುರುಕಿದ ಕರಿ ಡಬ್ಬಿ. ಒಂದರಲ್ಲಿ ಬಿದ್ದದ್ದು ಇನ್ನೊಂದರಲ್ಲೂ ಬೀಳುತ್ತದೆ.) ಜೋಡಿಸಲು ಮಸ್ಕಿಯಿಂದ ನನ್ನನ್ನು ಕರೆಸಿದರು. ನಾನು ಓದಿದ್ದು ಬಿ.ಎಸ್ಸಿ., ಅದೂ ಸಸ್ಯಶಾಸ್ತ್ರ. ಆದರೆ ಕಾಲೇಜು ಕಲಿತವನಿಗೆ ಎಲ್ಲ ಡಬ್ಬಿಗಳೂ ಗೊತ್ತಿರಬೇಕು ಎಂಬುದು ಆ ಮನೆಯ ನಂಬಿಕೆ.

ಮುದಗಲ್‌ನ ಮದುವೆಯೊಂದರ ಫೈಲುಗಳನ್ನು ವೈಫೈ ಮೂಲಕ ಕಳಿಸತೊಡಗಿದೆವು. ಪರದೆಯ ಮೇಲೆ ತೋರಿಸಿದ ಸಮಯ ನೋಡಿ ಮಾವ ತಲೆ ಕೆರೆದುಕೊಂಡರು.

"ಇದು ಮುಗಿಯೂದ್ರಾಗ ಮದುಮಗಳಿಗಿ ಕೂಸು ಹುಟ್ಟತೈತಿ ತಮ್ಮಾ."

"ಕೇಬಲ್ ಹಚ್ಚೂಣ್ರಿ ಮಾವ. ಸರ್ರಂತ ಹೋಗತೈತಿ."

ಇದ್ದ ಲ್ಯಾನ್ ಕೇಬಲ್ ಗಿಡ್ಡ. ಕಂಪ್ಯೂಟರ್ ಮೇಜಿನ ಕೆಳಗೆ. ಹಾಗಾಗಿ ಡಬ್ಬಿಯನ್ನೂ ಕೆಳಗಿಳಿಸಿದೆವು, ಎಕ್ಸ್‌ಟೆನ್ಷನ್ ಬೋರ್ಡನ್ನೂ ನೆಲಕ್ಕಿಟ್ಟೆವು. ಉದ್ದನೆಯ ಕೇಬಲ್ ತರಲು ಬಜಾರಿಗೆ ಹೋಗುವ ತಾಳ್ಮೆ ಯಾರಿಗಿತ್ತು? ನೇರ ಕೇಬಲ್ ಬಿದ್ದದ್ದೇ ತಡ, ಗಂಟೆಗಳು ನಿಮಿಷಗಳಾದವು. ನಾವಿಬ್ಬರೂ ಪರದೆ ನೋಡುತ್ತ ಹಿಗ್ಗಿ ಕುಳಿತೆವು.

ಆಗ ಬಂದರು ಮಾವನ ತಾಯಿ ಗಂಗಮ್ಮ. ಆಗಷ್ಟೇ ಸ್ನಾನ ಮಾಡಿ ಉಟ್ಟ ಒದ್ದೆ ಸೀರೆ, ಬರಿಗಾಲು, ಹಣೆ ತುಂಬ ವಿಭೂತಿ, ಕೈಯಲ್ಲಿ ತೆಂಗಿನಕಾಯಿ. ಆ ಮನೆಗೆ ಬೈಕ್ ಬರಲಿ, ಮಿಕ್ಸರ್ ಬರಲಿ, ಕಾಯಿ ಒಡೆಯದೆ ಚಾಲೂ ಮಾಡುವಂತಿಲ್ಲ.

"ಪೂಜಿ ಇಲ್ದ ಚಾಲೂ ಮಾಡೀರೇನು? ಕಲ್ತವ್ರು ಇಬ್ರೂ ಕೂಡಿ."

"ಒಂದೈದು ನಿಮಿಷ ತಡಿಬೇ ಅವ್ವ, ಕಾಪಿ ಆಗಾಕತ್ತೈತಿ," ಎಂದರು ಮಾವ, ಪರದೆಯಿಂದ ಕಣ್ಣು ತೆಗೆಯದೆ.

ಆಕೆ ತಡೆಯಲಿಲ್ಲ. ಡಬ್ಬಿಗೆ ವಿಭೂತಿ ಹಚ್ಚಿ, ಪಕ್ಕದಲ್ಲೇ ಸಣ್ಣ ಕಲ್ಲೊಂದನ್ನಿಟ್ಟು ಕಾಯಿ ಒಡೆದರು. ನೀರು ಚೆಲ್ಲಿ ಬೋರ್ಡಿನ ಕಡೆ ಓಡಿತು. ಆಕೆಯ ಪಾದ ಆ ನೀರಿನಲ್ಲೇ ಇತ್ತು. ಚಟ್ ಎಂಬ ಸದ್ದು. ನೀಲಿ ಕಿಡಿ.

"ಅವ್ವಾ, ಫೈಲು," ಎಂದು ಮಾವ ಒದರಿದರು. ನಾನು ಜಿಗಿದು ಡಬ್ಬಿಯನ್ನು ಎತ್ತಿ ಎದೆಗವಚಿಕೊಂಡೆ.

ಅಷ್ಟರಲ್ಲಿ ಮನೆಯೆಲ್ಲ ಸ್ತಬ್ಧ. ಫ್ಯಾನ್ ನಿಂತಿತು, ಪರದೆ ಕಪ್ಪಾಯಿತು. ಬಾಗಿಲ ಬಳಿ ಅಕ್ಕ, ಕೈ ಇನ್ನೂ ಮೇನ್ ಸ್ವಿಚ್ ಮೇಲೆ. "ಅತ್ತಿನ್ನ ಈ ಕಡಿ ಕರಕೊಳ್ರಿ ಮದ್ಲ," ಎಂದಳು.

ಗಂಗಮ್ಮನಿಗೆ ಏನೂ ಆಗಿರಲಿಲ್ಲ. ಮಂಚದ ಮೇಲೆ ಕುಳಿತು ಚಹಾ ಕುಡಿದರು. ಕಪ್ ಕೆಳಗಿಟ್ಟು ಮಗನನ್ನು ಕೇಳಿದರು.

"ಅದರಾಗ ಏನೈತಲೇ, ಹಂಗ್ ಒದರಿದೆಲ್ಲ?"

"ಮದುವಿ ಫೋಟೊ ಅವ್ವ."

"ಬ್ಯಾರೆ ಕಡಿ ಇಲ್ಲೇನವು?"

"ಅದಾವ. ಕಂಪ್ಯೂಟರ್‌ನಾಗ ಒಂದು, ಡಬ್ಬ್ಯಾಗ ಎರಡು."

"ಮತ್ತ ನಂದು ಎಷ್ಟು ಕಾಪಿ ಇಟ್ಟೀಯಪ್ಪ?"

ಎಲ್ಲರೂ ನಕ್ಕೆವು. ಮಾವ ನಗುತ್ತಲೇ ಎದ್ದು ಹಿತ್ತಲಿಗೆ ಹೋದವರು ಸ್ವಲ್ಪ ಹೊತ್ತು ಒಳಗೆ ಬರಲಿಲ್ಲ.

ಈಗ ಡಬ್ಬಿ ಗೋಡೆಯ ಶೆಲ್ಫ್ ಮೇಲಿದೆ. ಉದ್ದನೆಯ ಕೇಬಲ್ ಬಂದಿದೆ. ಫೈಲುಗಳೂ ಉಳಿದವು. ಅರ್ಧಕ್ಕೆ ನಿಂತ ಕಾಪಿಯನ್ನು ಮತ್ತೆ ಶುರು ಮಾಡಿದೆವು, ಅಷ್ಟೇ.

ನಿಮ್ಮ ಮನೆಯಲ್ಲಾಗಿದ್ದರೆ ಮೊದಲು ಯಾರ ಕಡೆ ಜಿಗಿಯುತ್ತಿದ್ದಿರಿ? ಯೋಚಿಸಿ ಹೇಳಬೇಡಿ. ಯೋಚಿಸಲು ಸಮಯವಿದ್ದಿದ್ದರೆ ನಮಗೂ ಸರಿ ಉತ್ತರ ಗೊತ್ತಿರುತ್ತಿತ್ತು.